ಆಕರ ಪಟ್ಟಿಯ ತೊಡಕುಗಳು: ಸಂಶೋಧನಾರ್ಥಿಗಳ ಪ್ರಶ್ನೆ, ನಮ್ಮ ಉತ್ತರ

ವೈಜ್ಞಾನಿಕ ಜರ್ನಲ್‌ಗಳಿಗೆ ಲೇಖನ ಸಿದ್ಧಪಡಿಸುವವರಿಂದ ಈ ಅಂಕಣಕ್ಕೆ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರಯೋಗದ ಕುರಿತಾಗಲಿ ಅಂಕಿಸಂಖ್ಯೆಯ ಕುರಿತಾಗಲಿ ಇರಲಿಲ್ಲ. ಲೇಖನದ ಕೊನೆಯಲ್ಲಿ ಬರುವ ರೆಫರೆನ್ಸ್ ಪುಟಗಳ ಕುರಿತಾಗಿದ್ದವು. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಲೇಖನದ ನಡುವೆ ಬರುವ ಸೂಚನೆಯನ್ನು ‘ಉಲ್ಲೇಖ’ ಎಂದೂ, ಕೊನೆಯಲ್ಲಿ ಬರುವ ಪೂರ್ಣ ವಿವರಗಳನ್ನು ‘ಆಕರ ಪಟ್ಟಿ’ ಎಂದೂ ಕರೆದಿದ್ದೇವೆ.

ಪ್ರಶ್ನೆ: ನಾನು ತೊಗರಿಯ ಸೊರಗು ರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಒಂದು ಜರ್ನಲ್‌ನವರು ನನ್ನ ಲೇಖನವನ್ನು ತಜ್ಞರ ಪರಿಶೀಲನೆಗೂ ಕಳುಹಿಸದೆ, ಆಕರಗಳು ತಮ್ಮ ಶೈಲಿಯಲ್ಲಿಲ್ಲ ಎಂಬ ಒಂದೇ ಸಾಲಿನೊಂದಿಗೆ ಮರಳಿಸಿದ್ದಾರೆ. ಎಲ್ಲ ಕಡೆಯೂ ಒಂದೇ ಶೈಲಿ ಏಕಿಲ್ಲ? ಜರ್ನಲ್ ಬದಲಾದಾಗಲೆಲ್ಲ ಇಡೀ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡಲೇಬೇಕೆ? — ಸಂಶೋಧನಾರ್ಥಿ, ಕಲಬುರಗಿ

ಉತ್ತರ: ಟೈಪ್ ಮಾಡಬೇಕಾಗಿಲ್ಲ. ಆದರೆ ಅದನ್ನು ಹೇಳುವ ಮುನ್ನ, ಶೈಲಿಗಳು ನೂರಾರು ಇದ್ದಂತೆ ಕಂಡರೂ ಅವುಗಳ ಮೂಲ ಎರಡೇ ಎಂಬುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲನೆಯದು ಲೇಖಕರ ಹೆಸರು ಮತ್ತು ವರ್ಷವನ್ನು ವಾಕ್ಯದ ನಡುವೆ ಆವರಣದಲ್ಲಿ ಕೊಟ್ಟು, ಕೊನೆಯ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವ ಕ್ರಮ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿವಿಜ್ಞಾನಿ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅವರು 1881ರ ಲೇಖನವೊಂದರಲ್ಲಿ ಇದನ್ನು ಬಳಸಿದ್ದರಿಂದ ಇದಕ್ಕೆ ಹಾರ್ವರ್ಡ್ ಪದ್ಧತಿ ಎಂಬ ಹೆಸರು ಬಂದಿತೆಂದು ಹೇಳಲಾಗುತ್ತದೆ. ಎರಡನೆಯದು ಉಲ್ಲೇಖಗಳಿಗೆ ಬಂದ ಅನುಕ್ರಮದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟು, ಪಟ್ಟಿಯನ್ನೂ ಅದೇ ಅಂಕಿಗಳ ಕ್ರಮದಲ್ಲಿ ಬರೆಯುವ ಕ್ರಮ. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸೇರಿ, ಒಂದೊಂದು ಜರ್ನಲ್ ಒಂದೊಂದು ಬಗೆಯಲ್ಲಿ ಹಸ್ತಪ್ರತಿ ಕೇಳುವುದನ್ನು ತಪ್ಪಿಸಲು ಒಪ್ಪಂದವೊಂದಕ್ಕೆ ಬಂದರು. ವ್ಯಾಂಕೂವರ್ ಶೈಲಿ ಎಂಬ ಹೆಸರು ಅಲ್ಲಿಂದ ಬಂದದ್ದು. ಮನಃಶಾಸ್ತ್ರ, ಶಿಕ್ಷಣ ಮೊದಲಾದ ವಿಷಯಗಳಲ್ಲಿ ಬಳಸುವ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ ಮೊದಲ ಗುಂಪಿಗೆ ಸೇರಿದ್ದು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಸಾಲಿನ ಮೇಲೆ ಚಿಕ್ಕ ಅಂಕಿ ಕೊಡುವುದರಿಂದ ಎರಡನೆಯ ಗುಂಪಿನದು.

ಇಷ್ಟರ ಮೇಲೆ ಪ್ರತಿ ಜರ್ನಲ್‌ಗೂ ತನ್ನದೇ ಕಟ್ಟಳೆಗಳಿರುತ್ತವೆ. ಅಂಕಿಯು ಪೂರ್ಣವಿರಾಮದ ಮೊದಲು ಬರಬೇಕೋ ನಂತರವೋ, ಜರ್ನಲ್‌ನ ಹೆಸರನ್ನು ಪೂರ್ತಿ ಬರೆಯಬೇಕೋ ಸಂಕ್ಷೇಪಿಸಬೇಕೋ, ಸಂಪುಟದ ಸಂಖ್ಯೆ ದಪ್ಪ ಅಕ್ಷರದಲ್ಲಿರಬೇಕೋ ಎಂಬಂಥವು. ಎಷ್ಟು ಲೇಖಕರ ನಂತರ ‘ಎಟ್ ಆಲ್’ (ಮತ್ತು ಇತರರು) ಎಂದು ಮುಗಿಸಬೇಕೆಂಬುದರಲ್ಲಂತೂ ಒಮ್ಮತವೇ ಇಲ್ಲ: ವ್ಯಾಂಕೂವರ್ ಮಾದರಿಗಳು ಪಟ್ಟಿಯಲ್ಲಿ ಮೊದಲ ಆರು ಹೆಸರುಗಳನ್ನು ಕೊಟ್ಟು ನಿಲ್ಲಿಸಿದರೆ, ಎಪಿಎಯ ಏಳನೆಯ ಆವೃತ್ತಿ ಇಪ್ಪತ್ತು ಹೆಸರುಗಳವರೆಗೂ ಎಲ್ಲರನ್ನೂ ಬರೆಯಲು ಹೇಳುತ್ತದೆ. ಇವುಗಳ ಹಿಂದೆ ದೊಡ್ಡ ತರ್ಕವನ್ನು ಹುಡುಕುವುದು ವ್ಯರ್ಥ. ಆಯಾ ಜರ್ನಲ್‌ನ ‘ಲೇಖಕರಿಗೆ ಸೂಚನೆ’ ಪುಟವನ್ನು ಓದಿ, ಅದರ ಜೊತೆಗೆ ತೀರ ಈಚಿನ ಸಂಚಿಕೆಯ ಎರಡು ಲೇಖನಗಳ ಆಕರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸೂಚನೆ ಹಳೆಯದಾಗಿ ಉಳಿದು ಆಚರಣೆ ಬೇರೆಯಾಗಿರುವುದು ಅಪರೂಪವೇನಲ್ಲ. ಈಚೆಗೆ ಕೆಲವು ಪ್ರಕಾಶಕರು ಮೊದಲ ಸಲ್ಲಿಕೆಗೆ ಯಾವ ಶೈಲಿಯಾದರೂ ಸರಿ, ಲೇಖನವು ಆಯ್ಕೆಯ ಹಂತಕ್ಕೆ ಬಂದ ಮೇಲೆ ತಿದ್ದಿದರೆ ಸಾಕು ಎನ್ನುತ್ತಾರೆ. ನಿಮ್ಮ ಜರ್ನಲ್ ಆ ಗುಂಪಿನಲ್ಲಿಲ್ಲ ಎಂಬುದು ಸ್ಪಷ್ಟವಾಯಿತಲ್ಲ.

ಇನ್ನು ಟೈಪಿಂಗ್. ಝೊಟೆರೊ, ಮೆಂಡೆಲಿ, ಎಂಡ್‌ನೋಟ್ ಮೊದಲಾದ ತಂತ್ರಾಂಶಗಳು ಇರುವುದೇ ಈ ಕೆಲಸಕ್ಕೆ. ಮೊದಲನೆಯದು 2006ರಿಂದ ಉಚಿತವಾಗಿ ಸಿಗುತ್ತಿದೆ, ವಿದ್ಯಾರ್ಥಿಗಳಿಗೆ ನಾವು ಸೂಚಿಸುವುದೂ ಅದನ್ನೇ. ಪ್ರತಿ ಆಕರದ ವಿವರವನ್ನು ಒಮ್ಮೆ ಸರಿಯಾಗಿ ತುಂಬಿದರೆ, ವರ್ಡ್ ಕಡತದಲ್ಲಿ ಶೈಲಿಯ ಹೆಸರನ್ನು ಬದಲಿಸಿದೊಡನೆ ಉಲ್ಲೇಖಗಳೂ ಪಟ್ಟಿಯೂ ಒಟ್ಟಿಗೆ ಬದಲಾಗುತ್ತವೆ. ‘ಸರಿಯಾಗಿ ತುಂಬಿದರೆ’ ಎಂಬ ಮಾತನ್ನು ಮಾತ್ರ ಮರೆಯಬಾರದು, ಏಕೆಂದರೆ ತಂತ್ರಾಂಶವು ಕೊಟ್ಟದ್ದನ್ನು ಜೋಡಿಸುತ್ತದೆಯೇ ಹೊರತು ತಪ್ಪನ್ನು ತಿದ್ದುವುದಿಲ್ಲ. ಅಂತರ್ಜಾಲದಿಂದ ಒಂದೇ ಒತ್ತಿನಲ್ಲಿ ಎಳೆದುಕೊಂಡ ವಿವರಗಳಲ್ಲಿ ಇಡೀ ಶೀರ್ಷಿಕೆ ದೊಡ್ಡಕ್ಷರಗಳಲ್ಲಿರುವುದು, ಪುಟಸಂಖ್ಯೆ ಬಿಟ್ಟುಹೋಗಿರುವುದು, ಆನ್‌ಲೈನ್‌ನಲ್ಲಿ ಮೊದಲು ಬಂದ ವರ್ಷವೂ ಸಂಚಿಕೆಯ ವರ್ಷವೂ ಅದಲುಬದಲಾಗಿರುವುದು ಸಾಮಾನ್ಯ.

ನಿಮ್ಮ ವಿಷಯಕ್ಕೇ ಸಂಬಂಧಿಸಿದ ಒಂದು ತೊಡಕನ್ನು ಹೇಳಬೇಕು. ತೊಗರಿಯ ‘ಕಜಾನಸ್ ಕಜಾನ್’ ಆಗಲಿ ಸೊರಗು ರೋಗದ ‘ಫ್ಯುಸೇರಿಯಮ್ ಉಡಮ್’ ಆಗಲಿ ಓರೆ ಅಕ್ಷರಗಳಲ್ಲಿ ಅಚ್ಚಾಗಬೇಕಾದ ವೈಜ್ಞಾನಿಕ ಹೆಸರುಗಳು. ಶೀರ್ಷಿಕೆಯಲ್ಲಿ ಇವು ಬಂದಾಗ ತಂತ್ರಾಂಶವು ಓರೆಯನ್ನು ಹೆಚ್ಚಾಗಿ ಕಳೆದುಬಿಡುತ್ತದೆ. ವರ್ಡ್ ಕಡತದಲ್ಲಿ ಕೈಯಿಂದ ಓರೆ ಮಾಡಿದರೆ, ಮುಂದಿನ ಸಲ ಪಟ್ಟಿ ತಾನಾಗಿ ನವೀಕರಣಗೊಂಡಾಗ ಮತ್ತೆ ನೆಟ್ಟಗಾಗುತ್ತದೆ. ಝೊಟೆರೊದಲ್ಲಿ ಶೀರ್ಷಿಕೆಯ ಕೋಶದೊಳಗೇ ಆ ಹೆಸರಿನ ಹಿಂದೆ ಮುಂದೆ ಓರೆ ಅಕ್ಷರದ ಎಚ್‌ಟಿಎಂಎಲ್ ಗುರುತುಗಳನ್ನು (<i> ಮತ್ತು </i>) ಹಾಕಿಟ್ಟರೆ ಈ ಕಾಟ ಶಾಶ್ವತವಾಗಿ ತಪ್ಪುತ್ತದೆ. ಕಡತವನ್ನು ಜರ್ನಲ್‌ಗೆ ಕಳುಹಿಸುವಾಗ ತಂತ್ರಾಂಶದ ಕೊಂಡಿಗಳನ್ನು ಕಳಚಿದ ಪ್ರತಿಯನ್ನು ಕಳುಹಿಸಿ, ಕೊಂಡಿಗಳಿರುವ ಮೂಲವನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ.

ಮಾದರಿ ಕಡತಗಳನ್ನು ಬಳಸುವವರು ಒಂದು ನಿಜ ಪ್ರಸಂಗವನ್ನು ತಿಳಿದಿರಬೇಕು. ಎಲ್ಸೆವಿಯರ್ ಸಂಸ್ಥೆಯ ಶೈಲಿ ಸೂಚನೆಯಲ್ಲಿ ವಾನ್ ಡೆರ್ ಗೀರ್ ಮತ್ತು ಇತರರು 2000ರಲ್ಲಿ ಬರೆದರೆನ್ನಲಾದ ಒಂದು ಲೇಖನವನ್ನು ಬರಿಯ ಉದಾಹರಣೆಗಾಗಿ ಸೃಷ್ಟಿಸಿ ಕೊಡಲಾಗಿತ್ತು. ಅಂಥ ಲೇಖನವೂ ಇಲ್ಲ, ಅದು ಪ್ರಕಟವಾಯಿತೆನ್ನಲಾದ ಜರ್ನಲ್ಲೂ ಇಲ್ಲ. ಆದರೂ ಅದನ್ನು ಸುಮಾರು 400 ಪ್ರಕಟಿತ ಬರಹಗಳು ಉಲ್ಲೇಖಿಸಿರುವುದನ್ನು ಡಚ್ ವಿದ್ವಾಂಸ ಪೀಟರ್ ಕ್ರೂನೆನ್‌ಬರ್ಗ್ ಪತ್ತೆಹಚ್ಚಿದರು. ಹೆಚ್ಚಿನವರು ಮಾದರಿಯ ಸಾಲನ್ನು ಅಳಿಸದೆ ಉಳಿಸಿಕೊಂಡಿದ್ದರು, ಅಷ್ಟೆ. ಲೇಖಕರೂ ಓದಲಿಲ್ಲ, ಪರಿಶೀಲಕರೂ ಓದಲಿಲ್ಲ.

ಪ್ರಶ್ನೆ: ನಮ್ಮ ಭಾಗದ ಹೆಸರುಗಳಲ್ಲಿ ಯಾವುದನ್ನು ಸರ್‌ನೇಮ್ ಎಂದು ತೆಗೆದುಕೊಳ್ಳಬೇಕು? ನನ್ನ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ನಂತರ ತಂದೆಯ ಹೆಸರಿದೆ, ಮನೆತನದ ಹೆಸರು ಇಲ್ಲ. ದೇವಣಿ ತಳಿಯ ದನಗಳ ಕುರಿತ ನನ್ನ ಮೊದಲ ಲೇಖನವನ್ನು ಬೇರೆಯವರು ಉಲ್ಲೇಖಿಸಿದಾಗ ಅಲ್ಲಿ ನನ್ನ ತಂದೆಯವರ ಹೆಸರು ಅಚ್ಚಾಗಿದೆ! — ಪಶುವೈದ್ಯ ಸ್ನಾತಕೋತ್ತರ ವಿದ್ಯಾರ್ಥಿನಿ, ಬೀದರ

ಉತ್ತರ: ನಿಮ್ಮ ತಂದೆಯವರಿಗೆ ಅಭಿನಂದನೆಗಳು. ಇದು ನಮ್ಮ ಭಾಗದಲ್ಲಿ ಬಹಳ ಜನರಿಗೆ ಆಗುವ ಪಾಡು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಆಕರ ಪಟ್ಟಿಯ ನಿಯಮಗಳನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು, ಕೊನೆಯಲ್ಲಿ ಕುಟುಂಬದ ಹೆಸರು ಬರುವ ಯುರೋಪಿನ ಪದ್ಧತಿ. ದತ್ತಸಂಚಯಗಳು ಈ ಕಾರಣಕ್ಕೇ ಹೆಸರಿನ ಕೊನೆಯ ಪದವನ್ನು ಕುಟುಂಬದ ಹೆಸರೆಂದು ಹಿಡಿದು, ಉಳಿದವನ್ನು ಮೊದಲಕ್ಷರಗಳಿಗೆ ಇಳಿಸುತ್ತವೆ. ಪಾಟೀಲ, ಬಿರಾದಾರ, ಮಾಲಿಪಾಟೀಲ, ಹೂಗಾರ, ಕುಲಕರ್ಣಿ ಎಂದು ಮನೆತನದ ಹೆಸರಿನಿಂದ ಕೊನೆಗೊಳ್ಳುವವರಿಗೆ ತೊಂದರೆ ಇಲ್ಲ. ತಂದೆಯ ಹೆಸರಿನಿಂದ ಕೊನೆಗೊಂಡರೆ ತಂದೆಯೇ ಲೇಖಕರಾಗುತ್ತಾರೆ. ದಕ್ಷಿಣ ಜಿಲ್ಲೆಗಳವರಂತೆ ಊರು ಮತ್ತು ತಂದೆಯ ಮೊದಲಕ್ಷರಗಳನ್ನು ಮುಂದಿಟ್ಟು ಕೊನೆಯಲ್ಲಿ ಸ್ವಂತ ಹೆಸರನ್ನು ಬರೆಯುವವರಿಗೆ ಸ್ವಂತ ಹೆಸರೇ ಕುಟುಂಬದ ಹೆಸರಾಗುತ್ತದೆ, ಅದು ಅಷ್ಟೇನೂ ಕೆಟ್ಟದ್ದಲ್ಲ. ಮೊಹಮ್ಮದ್ ಎಂಬುದನ್ನು ಕೆಲವು ಕಡೆ ಪೂರ್ತಿಯಾಗಿಯೂ ಕೆಲವು ಕಡೆ ‘ಎಂಡಿ’ ಎಂದು ಚಿಕ್ಕದಾಗಿಯೂ ಬರೆಯುವ ರೂಢಿಯಿಂದ ಒಬ್ಬರೇ ವಿದ್ವಾಂಸರು ಇಬ್ಬರಾಗಿ ಕಾಣಿಸುವುದೂ ಉಂಟು.

ಬೇರೆಯವರನ್ನು ಉಲ್ಲೇಖಿಸುವಾಗ ನಿಮ್ಮ ಊಹೆಯನ್ನು ಬಳಸಬೇಡಿ. ಲೇಖನದ ಮೊದಲ ಪುಟದಲ್ಲಿ ‘ಹೀಗೆ ಉಲ್ಲೇಖಿಸಿ’ ಎಂಬ ಸಾಲಿದ್ದರೆ ಅದನ್ನೇ ಅನುಸರಿಸಿ. ಇಲ್ಲವಾದರೆ ಆ ಲೇಖಕರು ತಮ್ಮ ಇತರ ಬರಹಗಳಲ್ಲಿ ಹೇಗೆ ಬರೆದುಕೊಂಡಿದ್ದಾರೆಂದು ನೋಡಿ. ಒಂದೇ ಪದದ ಹೆಸರುಳ್ಳವರಿಗೆ ಝೊಟೆರೊದಲ್ಲಿ ಎರಡು ಕೋಶಗಳ ಬದಲು ಒಂದೇ ಕೋಶದಲ್ಲಿ ಹೆಸರು ಬರೆಯುವ ಸೌಲಭ್ಯವಿದೆ. ಗೌರವದ ‘ಡಾ.’, ‘ಪ್ರೊ.’ ಮುಂತಾದವು ಆಕರ ಪಟ್ಟಿಯಲ್ಲಿ ಬರುವುದಿಲ್ಲ. ಮಾರ್ಗದರ್ಶಕರ ಹೆಸರಿಗೂ ಬರುವುದಿಲ್ಲ, ಇದರಿಂದ ಅವರಿಗೆ ಅಗೌರವವಾಗುವುದೂ ಇಲ್ಲ.

ನಿಮ್ಮದೇ ಹೆಸರಿನ ವಿಷಯಕ್ಕೆ ಬಂದರೆ, ಎರಡನೆಯ ಲೇಖನ ಹೊರಡುವ ಮೊದಲೇ ನಿರ್ಧಾರ ಮಾಡಿ. ಮನೆತನದ ಹೆಸರನ್ನು ಸೇರಿಸಿಕೊಳ್ಳುವಿರೋ, ತಂದೆಯವರ ಹೆಸರನ್ನು ಮೊದಲಕ್ಷರವಾಗಿ ಮುಂದಕ್ಕೆ ತರುವಿರೋ ಎಂಬುದು ನಿಮ್ಮ ಇಷ್ಟ. ಆದರೆ ಒಮ್ಮೆ ಆರಿಸಿದ ರೂಪವನ್ನು ಮದುವೆ, ಬಡ್ತಿ, ವರ್ಗಾವಣೆಗಳಾಚೆಗೂ ಬದಲಿಸಬೇಡಿ. 2012ರಲ್ಲಿ ಆರಂಭವಾದ ಆರ್ಕಿಡ್ (ORCID) ಎಂಬ ವ್ಯವಸ್ಥೆ ಸಂಶೋಧಕರಿಗೆ 16 ಅಂಕಿಗಳ ಗುರುತಿನ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ಹೆಸರು ಯಾವ ರೂಪದಲ್ಲಿ ಅಚ್ಚಾಗಿದ್ದರೂ ಆ ಸಂಖ್ಯೆಯಡಿ ನಿಮ್ಮ ಬರಹಗಳನ್ನೆಲ್ಲ ಸೇರಿಸಿಡಬಹುದು. ಈಗಾಗಲೇ ಪ್ರಕಟವಾಗಿರುವ ಲೇಖನವನ್ನೂ ಅಲ್ಲಿ ನಿಮ್ಮ ಖಾತೆಗೆ ತಂದುಕೊಳ್ಳಿ.

ಪ್ರಶ್ನೆ: ಹಳೆಯ ಲೇಖನಗಳಲ್ಲಿ ‘ಗುಲ್ಬರ್ಗಾ’ ಎಂದಿರುವುದನ್ನು ನನ್ನ ಆಕರ ಪಟ್ಟಿಯಲ್ಲಿ ‘ಕಲಬುರಗಿ’ ಎಂದು ತಿದ್ದಬಹುದೆ? ತಿದ್ದದಿದ್ದರೆ ಹಳೆಯ ಹೆಸರಿಗೇ ಅಂಟಿಕೊಂಡಂತೆ ಆಗುವುದಿಲ್ಲವೆ? — ಉಪನ್ಯಾಸಕರು, ಆಳಂದ

ಉತ್ತರ: ತಿದ್ದಬಾರದು. ಆಕರ ಪಟ್ಟಿಯಲ್ಲಿ ಶೀರ್ಷಿಕೆ, ಪ್ರಕಾಶನದ ಸ್ಥಳ, ಸಂಸ್ಥೆಯ ಹೆಸರು ಎಲ್ಲವೂ ಮುಖಪುಟದಲ್ಲಿ ಹೇಗಿವೆಯೋ ಹಾಗೆಯೇ ಇರಬೇಕು. ತಿದ್ದಿದ ಶೀರ್ಷಿಕೆಯನ್ನು ಹುಡುಕಿದವರಿಗೆ ಮೂಲ ಸಿಗುವುದಿಲ್ಲ. 2014ರ ನವೆಂಬರ್ 1ರಂದು ನಗರದ ಹೆಸರು ಅಧಿಕೃತವಾಗಿ ಕಲಬುರಗಿ ಆಯಿತು, ಆದರೆ ಗುಲಬರ್ಗಾ ವಿಶ್ವವಿದ್ಯಾಲಯ ತನ್ನ ಹೆಸರನ್ನು ಉಳಿಸಿಕೊಂಡಿದೆ. ಆದ್ದರಿಂದ ಅಲ್ಲಿಯ ಪಿಎಚ್‌ಡಿ ಪ್ರಬಂಧವನ್ನು ಆಕರವಾಗಿ ಕೊಡುವಾಗ ವಿಶ್ವವಿದ್ಯಾಲಯಕ್ಕೆ ಹಳೆಯ ಹೆಸರು, ಊರಿಗೆ ಪ್ರಬಂಧದ ಮೇಲೆ ಅಚ್ಚಾಗಿರುವ ಹೆಸರು ಬರುತ್ತವೆ. ನಿಮ್ಮ ಸ್ವಂತ ವಾಕ್ಯಗಳಲ್ಲಿ ಧಾರಾಳವಾಗಿ ಕಲಬುರಗಿ ಎಂದು ಬರೆಯಿರಿ.

ನೀವು ಕೇಳದ, ಆದರೆ ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. 2009-10ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ಹೀಗಾಗಿ 1990ರ ದಶಕದ ಲೇಖನವೊಂದು ಗುಲ್ಬರ್ಗಾ ಜಿಲ್ಲೆಯ ತೊಗರಿ ಕ್ಷೇತ್ರ ಎಂದು ಹೇಳುವುದು ಇಂದಿನ ಎರಡು ಜಿಲ್ಲೆಗಳ ಒಟ್ಟು ಕ್ಷೇತ್ರವನ್ನು. ಹೆಸರನ್ನು ತಿದ್ದಿ ‘ಕಲಬುರಗಿ ಜಿಲ್ಲೆ’ ಎಂದು ಬರೆದು ಇಂದಿನ ಅಂಕಿಗಳೊಂದಿಗೆ ಹೋಲಿಸಿದರೆ, ಬೆಳೆ ಕುಗ್ಗಿದೆ ಎಂಬ ಸುಳ್ಳು ತೀರ್ಮಾನ ಹುಟ್ಟಿಕೊಳ್ಳುತ್ತದೆ. ಇಂಥ ಕಡೆ ಹಳೆಯ ಹೆಸರನ್ನೇ ಇಟ್ಟು, ಆಗಿನ ಜಿಲ್ಲೆಯ ಗಡಿ ಬೇರೆ ಇತ್ತೆಂದು ಒಂದು ವಾಕ್ಯ ಸೇರಿಸಿ.

ಪ್ರಶ್ನೆ: ಸೊರಗು ರೋಗದ ಬಗ್ಗೆ ಬರೆಯುವವರೆಲ್ಲರೂ ‘ಬಟ್ಲರ್, 1910’ ಎಂದು ಉಲ್ಲೇಖಿಸುತ್ತಾರೆ. ನಾನು ಆ ಮೂಲವನ್ನು ನೋಡಿಲ್ಲ, ಆದರೆ ಹತ್ತಾರು ಲೇಖನಗಳಲ್ಲಿ ಅದರ ಸಾರವನ್ನು ಓದಿದ್ದೇನೆ. ನಾನೂ ಉಲ್ಲೇಖಿಸಿದರೆ ತಪ್ಪೇನು? — ಕೃಷಿ ವಿದ್ಯಾರ್ಥಿ, ಭೀಮರಾಯನಗುಡಿ, ಯಾದಗಿರಿ ಜಿಲ್ಲೆ

ಉತ್ತರ: ತಪ್ಪಿದೆ. ಓದದ್ದನ್ನು ಓದಿದೆನೆಂದು ಹೇಳಿದಂತಾಗುತ್ತದೆ. ಶಿಲೀಂಧ್ರ ವಿಜ್ಞಾನಿ ಬಟ್ಲರ್ ಅವರ ಆ ಬರಹ ಭಾರತದ ಕೃಷಿ ಇಲಾಖೆಯ ಮೆಮಾಯರ್ಸ್ ಸರಣಿಯಲ್ಲಿ ಪ್ರಕಟವಾದದ್ದು. ಅದರ ಶೀರ್ಷಿಕೆಯಲ್ಲಿ ಕಾಣಿಸುವ ಶಿಲೀಂಧ್ರದ ಹೆಸರು ಫ್ಯುಸೇರಿಯಮ್ ಉಡಮ್ ಅಲ್ಲ, ‘ನಿಯೊಕಾಸ್ಮೊಸ್ಪೊರಾ ವಾಸಿನ್‌ಫೆಕ್ಟಾ’. ನೀವು ಓದಿದ ಹತ್ತಾರು ಲೇಖನಗಳ ಸಾರದಲ್ಲಿ ಈ ಸಂಗತಿ ಎಷ್ಟು ಕಡೆ ಕಾಣಿಸಿತು? ಆ ಶೀರ್ಷಿಕೆಯನ್ನು ನೋಡಿದೊಡನೆಯೇ, ಆ ಕಾಲದಲ್ಲಿ ಈ ರೋಗಕ್ಕೆ ಕಾರಣವಾದ ಶಿಲೀಂಧ್ರ ಯಾವುದೆಂಬ ಪ್ರಶ್ನೆಯೇ ಚರ್ಚೆಯಲ್ಲಿತ್ತೆಂಬ ಸುಳಿವು ಸಿಗುತ್ತದೆ.

ಕೇಳಿದ ಮಾತು ಬಾಯಿಂದ ಬಾಯಿಗೆ ಹೋದಂತೆ ಬೆಳೆಯುವುದಕ್ಕೆ ವೈದ್ಯಕೀಯದಲ್ಲಿ ಘೋರವಾದ ಉದಾಹರಣೆಯೊಂದಿದೆ. 1980ರ ಜನವರಿಯಲ್ಲಿ ಬೋಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷಲ್ ಜಿಕ್ ಅವರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಗೆ ಐದೇ ವಾಕ್ಯಗಳ ಪತ್ರ ಬರೆದಿದ್ದರು. ಆಸ್ಪತ್ರೆಯಲ್ಲಿ ಅಫೀಮು ವರ್ಗದ ನೋವುನಿವಾರಕ ಪಡೆದ 11,882 ಒಳರೋಗಿಗಳಲ್ಲಿ, ಹಿಂದೆ ಚಟದ ಇತಿಹಾಸವಿಲ್ಲದವರ ಪೈಕಿ, ಚಟ ಹತ್ತಿದ್ದಕ್ಕೆ ಸರಿಯಾದ ದಾಖಲೆ ಸಿಕ್ಕಿದ್ದು ನಾಲ್ಕೇ ಪ್ರಕರಣಗಳಲ್ಲಿ ಎಂಬುದು ಅದರ ಸಾರ. ಅದೇ ಪತ್ರಿಕೆ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಆ ಪತ್ರವನ್ನು 608 ಬರಹಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 439 ಬರಹಗಳು ಈ ಔಷಧಗಳಿಂದ ಚಟ ಹತ್ತುವುದು ಅಪರೂಪ ಎಂಬುದಕ್ಕೆ ಅದನ್ನೇ ಪುರಾವೆಯಾಗಿ ತೋರಿಸಿದ್ದವು. ಪತ್ರದಲ್ಲಿದ್ದವರು ಆಸ್ಪತ್ರೆಯ ಒಳರೋಗಿಗಳು ಮಾತ್ರ ಎಂಬ ಸಂಗತಿಯನ್ನು 491 ಬರಹಗಳು ಹೇಳಿರಲೇ ಇಲ್ಲ. ಐದು ವಾಕ್ಯಗಳನ್ನು ಓದಲು ಒಂದು ನಿಮಿಷ ಸಾಕಿತ್ತು. ಅಮೆರಿಕದಲ್ಲಿ ಈ ನೋವುನಿವಾರಕಗಳ ಚಟದಿಂದಾದ ದುರಂತಕ್ಕೆ ಈ ಪತ್ರದ ತಪ್ಪು ಉಲ್ಲೇಖವೂ ಇಂಬು ಕೊಟ್ಟಿತೆಂದು ಆ ವಿಶ್ಲೇಷಣೆಯ ಲೇಖಕರು ಅಭಿಪ್ರಾಯಪಟ್ಟಿದ್ದಾರೆ.

ನೀವು ಮಾಡಬೇಕಾದದ್ದು ಇಷ್ಟು. ಮೊದಲು ಮೂಲವನ್ನು ಹುಡುಕಿ. ಆ ಕಾಲದ ಸರಕಾರಿ ಪ್ರಕಟಣೆಗಳು ಸ್ಕ್ಯಾನ್ ರೂಪದಲ್ಲಿ ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಹಲವು ಸಿಗುತ್ತವೆ, ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳಿದರೆ ಬೇರೆ ಗ್ರಂಥಾಲಯದಿಂದ ಪ್ರತಿ ತರಿಸಿಕೊಡುವ ದಾರಿಯೂ ಇದೆ. ಸಿಗದಿದ್ದರೆ ‘ಬಟ್ಲರ್ (1910), ಇಂಥವರ ಲೇಖನದಲ್ಲಿ ಉಲ್ಲೇಖಿತ’ ಎಂದು ಬರೆದು, ಪಟ್ಟಿಯಲ್ಲಿ ನೀವು ನಿಜವಾಗಿ ಓದಿದ ಲೇಖನವನ್ನು ಮಾತ್ರ ಕೊಡಿ. ಇಂಥ ಪರೋಕ್ಷ ಉಲ್ಲೇಖ ಒಂದೆರಡಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ಚಾಟ್‌ಜಿಪಿಟಿಯಿಂದ ಆಕರ ಪಟ್ಟಿಯನ್ನು ಮಾಡಿಸಿದೆ. ನೋಡಲು ಅಚ್ಚುಕಟ್ಟಾಗಿದೆ, ಸಂಪುಟ, ಪುಟ, ಡಿಒಐ (ಲೇಖನದ ಶಾಶ್ವತ ಗುರುತಿನ ಸಂಖ್ಯೆ) ಎಲ್ಲವೂ ಇವೆ. ಹಾಗೆಯೇ ಬಳಸಬಹುದೆ? — ಎಂಎಸ್‌ಸಿ ವಿದ್ಯಾರ್ಥಿ, ಬಸವಕಲ್ಯಾಣ

ಉತ್ತರ: ಬೇಡ. ಆ ಅಚ್ಚುಕಟ್ಟುತನವೇ ಅಪಾಯದ ಮೂಲ. ಇಂಥ ಯಂತ್ರಗಳು ನಿಜವಾದ ಲೇಖಕರ ಹೆಸರಿಗೆ ಇಲ್ಲದ ಶೀರ್ಷಿಕೆಯನ್ನು, ನಿಜವಾದ ಜರ್ನಲ್‌ಗೆ ಇಲ್ಲದ ಪುಟಸಂಖ್ಯೆಯನ್ನು ಜೋಡಿಸಿ ಕೊಟ್ಟುಬಿಡಬಲ್ಲವು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು, ಯಂತ್ರ ಸೃಷ್ಟಿಸಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ ವಕೀಲರಿಗೆ 5,000 ಡಾಲರ್ ದಂಡ ಹಾಕಿತು.

ನಿಮ್ಮ ಬಳಿ ಇರುವ ಪಟ್ಟಿಯನ್ನು ಪರೀಕ್ಷಿಸುವುದು ಸುಲಭ. ಡಿಒಐ ಎಂಬುದು 10 ಎಂಬ ಅಂಕಿ ಮತ್ತು ಬಿಂದುವಿನಿಂದ ಆರಂಭವಾಗಿ, ಪ್ರಕಾಶಕರ ಸಂಖ್ಯೆ, ಓರೆಗೆರೆ, ಆಮೇಲೆ ಲೇಖನದ ಗುರುತು ಹೀಗೆ ಸಾಗುತ್ತದೆ. ಅದನ್ನು ಡಿಒಐ ಸಂಸ್ಥೆಯ ಜಾಲತಾಣದ ವಿಳಾಸದ ನಂತರ ಅಂಟಿಸಿ ತೆರೆದರೆ ಲೇಖನದ ಪುಟಕ್ಕೇ ಹೋಗಬೇಕು. ಪುಟ ತೆರೆದರೆ ಸಾಲದು, ಅಲ್ಲಿರುವ ಶೀರ್ಷಿಕೆಯೂ ನಿಮ್ಮ ಪಟ್ಟಿಯ ಶೀರ್ಷಿಕೆಯೂ ಒಂದೇ ಆಗಿರಬೇಕು. ಡಿಒಐ ನಿಜವಿದ್ದು ಅದು ಬೇರೆಯೇ ಲೇಖನಕ್ಕೆ ಸೇರಿರುವುದು ಸಾಧ್ಯ. ಹಾಗೆ ಹೋದಾಗ ಲೇಖನವನ್ನು ಜರ್ನಲ್ ಹಿಂಪಡೆದಿದೆಯೇ (ರಿಟ್ರಾಕ್ಷನ್) ಎಂದೂ ನೋಡಿ. ರಿಟ್ರಾಕ್ಷನ್ ವಾಚ್ ಎಂಬ ಜಾಲತಾಣ ಸಂಗ್ರಹಿಸಿದ ಹಿಂಪಡೆದ ಲೇಖನಗಳ ಪಟ್ಟಿಯನ್ನು 2023ರಿಂದ ಕ್ರಾಸ್‌ರೆಫ್ ಸಂಸ್ಥೆ ಎಲ್ಲರಿಗೂ ಮುಕ್ತವಾಗಿಟ್ಟಿದೆ, ಝೊಟೆರೊ ಅಂಥ ಲೇಖನದ ಮೇಲೆ ತಾನೇ ಎಚ್ಚರಿಕೆ ತೋರಿಸುತ್ತದೆ.

ಪ್ರಶ್ನೆ: ತೊಗರಿ ಬೀಜವನ್ನು ಸಂಗ್ರಹಿಸಿಡುವ ಹಳೆಯ ಪದ್ಧತಿಗಳ ಬಗ್ಗೆ ನಮ್ಮ ಸುತ್ತಲಿನ ಹಿರಿಯ ರೈತರು ಹೇಳಿದ ಮಾತುಗಳನ್ನೂ, ಒಂದು ಕನ್ನಡ ಕೃಷಿ ಪತ್ರಿಕೆಯ ಲೇಖನವನ್ನೂ ಇಂಗ್ಲಿಷ್ ಜರ್ನಲ್‌ನಲ್ಲಿ ಹೇಗೆ ಉಲ್ಲೇಖಿಸಬೇಕು? ಕನ್ನಡದ ಆಕರವನ್ನು ಬಿಟ್ಟುಬಿಡುವಂತೆ ಸ್ನೇಹಿತರೊಬ್ಬರು ಹೇಳಿದರು. — ಸಂಶೋಧನಾರ್ಥಿ, ಸುರಪುರ

ಉತ್ತರ: ಸ್ನೇಹಿತರ ಮಾತನ್ನು ಕೇಳಬೇಡಿ. ವಿಷಯವನ್ನು ಕನ್ನಡದ ಲೇಖನದಿಂದ ಪಡೆದಿದ್ದರೆ ಅದನ್ನೇ ಹೇಳಬೇಕು. ಇಂಗ್ಲಿಷಿನ ಯಾವುದೋ ಆಕರವನ್ನು ಅದರ ಜಾಗದಲ್ಲಿ ತಂದು ಕೂರಿಸುವುದು ಅಪ್ರಾಮಾಣಿಕತೆ. ಲೇಖಕರ ಹೆಸರು ಮತ್ತು ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಉಚ್ಚಾರಣೆಗೆ ತಕ್ಕಂತೆ ಬರೆದು, ಅದರ ಮುಂದೆ ಚೌಕ ಆವರಣದಲ್ಲಿ ಶೀರ್ಷಿಕೆಯ ಇಂಗ್ಲಿಷ್ ಅರ್ಥವನ್ನು ಕೊಡಿ, ಕೊನೆಯಲ್ಲಿ ಭಾಷೆ ಕನ್ನಡ ಎಂದು ನಮೂದಿಸಿ. ಲಿಪ್ಯಂತರಕ್ಕೆ ಐಎಸ್ಒ 15919 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಹ್ರಸ್ವ ದೀರ್ಘಗಳೂ ಅಲ್ಪಪ್ರಾಣ ಮಹಾಪ್ರಾಣಗಳೂ ಅದರಲ್ಲಿ ಉಳಿಯುತ್ತವೆ. ಪತ್ರಿಕೆಯ ಹೆಸರನ್ನು ಮಾತ್ರ ಅನುವಾದಿಸಬೇಡಿ, ಹೆಸರು ಹೆಸರೇ.

ರೈತರ ಮಾತುಗಳ ವಿಷಯ ಬೇರೆ. ಒಬ್ಬಿಬ್ಬರು ಹೇಳಿದ ಬಿಡಿ ಸಂಗತಿಯಾದರೆ ಅದನ್ನು ವೈಯಕ್ತಿಕ ಸಂವಹನವೆಂದು ಲೇಖನದ ನಡುವೆಯೇ ಹೆಸರು, ದಿನಾಂಕಗಳೊಂದಿಗೆ ನಮೂದಿಸುವುದು ವಾಡಿಕೆ. ಓದುಗರು ಹೋಗಿ ನೋಡಲು ಸಾಧ್ಯವಿಲ್ಲದ್ದರಿಂದ ಅದು ಆಕರ ಪಟ್ಟಿಯಲ್ಲಿ ಬರುವುದಿಲ್ಲ. ಹೆಸರು ಬಳಸಲು ಅವರ ಲಿಖಿತ ಒಪ್ಪಿಗೆ ಪಡೆಯಿರಿ. ಆದರೆ ನಿಮ್ಮ ಪತ್ರದಿಂದ ತಿಳಿಯುವಂತೆ ನೀವು ಹಲವು ಊರುಗಳಲ್ಲಿ ಹಲವರನ್ನು ಮಾತನಾಡಿಸಿದ್ದೀರಿ. ಅದು ಉಲ್ಲೇಖವಲ್ಲ, ನಿಮ್ಮದೇ ದತ್ತಾಂಶ. ಎಷ್ಟು ಜನರನ್ನು, ಯಾವ ಪ್ರಶ್ನೆಗಳೊಂದಿಗೆ, ಯಾವ ಹಂಗಾಮಿನಲ್ಲಿ ಮಾತನಾಡಿಸಿದಿರಿ, ನೈತಿಕ ಸಮಿತಿಯ ಅನುಮತಿ ಇತ್ತೇ ಎಂಬುದನ್ನು ವಿಧಾನದ ಭಾಗದಲ್ಲಿ ಬರೆಯಬೇಕು. ‘ರೈತರ ಪ್ರಕಾರ’ ಎಂಬ ಎರಡೇ ಪದಗಳಲ್ಲಿ ಇಷ್ಟೆಲ್ಲ ಶ್ರಮವನ್ನು ಮುಗಿಸಿಬಿಟ್ಟರೆ ನಷ್ಟ ನಿಮ್ಮದೇ.

ಪ್ರಶ್ನೆ: ಆಕರ ಪಟ್ಟಿಯಿಂದಾಗಿಯೇ ನನ್ನ ಪ್ರಬಂಧದ ಸಾಮ್ಯತೆಯ (ಬೇರೆ ಬರಹಗಳೊಂದಿಗಿನ ಹೋಲಿಕೆಯ) ಪ್ರಮಾಣ ಶೇಕಡಾ 10ರ ಮಿತಿಯನ್ನು ದಾಟಿದೆ. ಆಕರಗಳನ್ನು ಕಡಿಮೆ ಮಾಡಬೇಕೆ? — ಸಂಶೋಧನಾರ್ಥಿ, ಕಲಬುರಗಿ

ಉತ್ತರ: ಒಂದನ್ನೂ ಕಡಿಮೆ ಮಾಡಬೇಡಿ. ಕೃತಿಚೌರ್ಯ ತಡೆಗಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ನಿಯಮಾವಳಿಯೇ ಆಕರ ಪಟ್ಟಿ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳನ್ನು ಸಾಮ್ಯತೆಯ ಲೆಕ್ಕದಿಂದ ಹೊರಗಿಟ್ಟಿದೆ. ಪರೀಕ್ಷಿಸುವಾಗ ತಂತ್ರಾಂಶದಲ್ಲಿ ಆಕರ ಪಟ್ಟಿಯನ್ನು ಹೊರಗಿಡುವ ಆಯ್ಕೆಯನ್ನು ಒತ್ತಿರಲಿಕ್ಕಿಲ್ಲ. ಗ್ರಂಥಾಲಯದವರಲ್ಲಿ ವಿನಂತಿಸಿ ಮತ್ತೊಮ್ಮೆ ವರದಿ ತೆಗೆಸಿ. ಆಯ್ಕೆ ಒತ್ತಿದ್ದರೂ ಪ್ರಮಾಣ ಇಳಿಯದಿದ್ದರೆ ಪಟ್ಟಿಯ ತಲೆಬರಹವನ್ನು ನೋಡಿ. ಇಂಥ ತಂತ್ರಾಂಶಗಳು ಪಟ್ಟಿಯನ್ನು ಗುರುತಿಸಲು ತಲೆಬರಹವನ್ನು ನೆಚ್ಚುತ್ತವೆ, ಹಾಗಾಗಿ ಅದು ಪ್ರತ್ಯೇಕ ಸಾಲಿನಲ್ಲಿ ‘ರೆಫರೆನ್ಸಸ್’ ಎಂದೇ ಇರಲಿ.